ಇಂಟರ್‌ವ್ಯೂ ಬಟ್ಟೆ ಕೂತು ನೋಡಿ ಹೊಲಿಸಿಕೊಳ್ಳಿ

ಜನವರಿ ಕಳೆಯುತ್ತಿದ್ದಂತೆ ನಮ್ಮ ಅಂಗಡಿಗೆ ಒಂದು ಬಗೆಯ ಹುಡುಗರು ಬರತೊಡಗುತ್ತಾರೆ. ನವೆಂಬರ್ ಕೊನೆಯಲ್ಲಿ ಎಂಬಿಎ ಸೀಟಿಗಾಗಿ ಕ್ಯಾಟ್ ಪ್ರವೇಶ ಪರೀಕ್ಷೆ ಬರೆದು, ರಿಸಲ್ಟ್ ಬಂದು, ಯಾವುದೋ ಐಐಎಂನಿಂದಲೋ ಬೇರೊಂದು ಬಿಸಿನೆಸ್ ಸ್ಕೂಲಿನಿಂದಲೋ ‘ಕಾಲ್’ ಬಂದಿರುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಇಂಟರ್‌ವ್ಯೂ. ಪತ್ರದಲ್ಲಿ ಬಟ್ಟೆಯ ಬಗ್ಗೆ ಇದ್ದರೆ ಒಂದು ಸಾಲು, ಫಾರ್ಮಲ್ಸ್‌ನಲ್ಲಿ ಬನ್ನಿ ಅಂತ. ಎಷ್ಟೋ ಪತ್ರದಲ್ಲಿ ಅದೂ ಇರುವುದಿಲ್ಲ. ಹುಡುಗ ಎಂಜಿನಿಯರಿಂಗ್ ಓದುವಷ್ಟು ಕಾಲವೂ ಟೀ ಶರ್ಟ್, ಜೀನ್ಸ್‌ನಲ್ಲೇ ಕಳೆದವನು. ಜೊತೆಗೆ ಬಂದ ಅಪ್ಪನೋ ಅಣ್ಣನೋ "ಮಾಸ್ಟ್ರೇ, ಇವನಿಗೊಂದು ಸೂಟ್ ಹೊಲ್ಕೊಡಿ, ಖರ್ಚಾದ್ರೂ ಪರವಾಗಿಲ್ಲ" ಅನ್ನುತ್ತಾರೆ. ಖರ್ಚಿನ ಚಿಂತೆ ಆ ಮಾತಿನಲ್ಲೇ ಕೇಳಿಸುತ್ತಿರುತ್ತದೆ. ಅಂಥವರಿಗೆ ಅಂಗಡಿಯಲ್ಲಿ ನಿಂತು ಹೇಳುವುದನ್ನೆಲ್ಲ ಈ ಸಲ ಇಲ್ಲಿ ಬರೆದಿಡುತ್ತಿದ್ದೇನೆ.

ದಾವಣಗೆರೆಯಲ್ಲಿ ನಮ್ಮದು ಅಪ್ಪನ ಕಾಲದಿಂದ ನಡೆದುಬಂದ ಜಂಟ್ಸ್ ಟೈಲರ್ ಅಂಗಡಿ. ಊರಲ್ಲಿ ಹತ್ತಿಗಿರಣಿಗಳು ಓಡುತ್ತಿದ್ದ, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ದಿನಗಳಲ್ಲಿ ಅಪ್ಪ ಒಂದೇ ಮಿಷನ್ ಇಟ್ಟುಕೊಂಡು ಶುರುಮಾಡಿದ್ದು. ಈಗ ಕಟಿಂಗ್ ಟೇಬಲ್ ನನ್ನದು. ಮದುವೆ ಸೂಟು, ಶಾಲೆಯ ಯೂನಿಫಾರ್ಮು, ವಕೀಲರ ಕಪ್ಪು ಕೋಟು ಎಲ್ಲ ಹೊಲಿಯುತ್ತೇವೆ. ಆದರೆ ಅಡ್ಮಿಶನ್ ಇಂಟರ್‌ವ್ಯೂ ಬಟ್ಟೆ ಬಂದರೆ ನಾನು ಬೇರೆಯವರ ಕೈಗೆ ಕೊಡುವುದಿಲ್ಲ. ಮದುವೆ ಗಂಡು ವೇದಿಕೆಯ ಮೇಲೆ ನಿಂತಿರುತ್ತಾನೆ, ಅವನನ್ನು ನೋಡಲೆಂದೇ ಜನ ಬಂದಿರುತ್ತಾರೆ. ಇಂಟರ್‌ವ್ಯೂಗೆ ಹೋದ ಹುಡುಗ ಕೂತಿರುತ್ತಾನೆ. ಎದುರಿಗೆ ಮೇಜು, ಮೇಜಿನಾಚೆ ಇಬ್ಬರೋ ಮೂವರೋ ಪ್ರೊಫೆಸರ್‌ಗಳು. ಒಳಗೆ ನಡೆದು ಬರುವ ನಾಲ್ಕು ಹೆಜ್ಜೆ ಬಿಟ್ಟರೆ ಅವನು ನಿಲ್ಲುವುದೇ ಇಲ್ಲ.

ಬಟ್ಟೆ ತೆಗೆಯುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶೋರೂಮಿನ ಟ್ರಯಲ್ ರೂಮಿನಲ್ಲಿ ಎಲ್ಲರೂ ನಿಂತು, ಹೊಟ್ಟೆ ಒಳಗೆಳೆದುಕೊಂಡು, ಕನ್ನಡಿ ನೋಡುತ್ತಾರೆ. ನಿಂತಾಗ ಚೆನ್ನಾಗಿ ಕಂಡ ಬಟ್ಟೆ ಕೂತಾಗ ಹೇಗಿರುತ್ತದೆ ಅಂತ ನೋಡುವುದೇ ಇಲ್ಲ. ನಮ್ಮ ಅಂಗಡಿಯಲ್ಲಿ ಟ್ರಯಲ್‌ಗೆ ಕೈ ಇಲ್ಲದ ಮರದ ಕುರ್ಚಿ ಒಂದಿದೆ. ಇಂಟರ್‌ವ್ಯೂ ಬಟ್ಟೆ ಅಂದರೆ ಮೊದಲು ಅದರ ಮೇಲೆ ಕೂರಿಸಿ ಮಾತಾಡಿಸುತ್ತೇನೆ.

ನಮ್ಮ ಅಕ್ಕನ ಮಗನಿಗೆ ಬೆಂಗಳೂರು ಐಐಎಂ ಕಾಲ್ ಬಂದಾಗಲೂ ಹಾಗೇ ಮಾಡಿದೆ. ಅವನು ಬರುವಾಗಲೇ ಕೈಯಲ್ಲಿ ಒಂದು ಕವರ್ ಹಿಡಿದುಕೊಂಡು ಬಂದಿದ್ದ. ಒಳಗೆ ಅವನ ದೊಡ್ಡಪ್ಪನ ಮಗನ ಆರತಕ್ಷತೆ ಕೋಟು.

"ಮಾಮ, ಇದು ಒಂದೇ ಸಲ ಹಾಕಿದ್ದು. ಸ್ವಲ್ಪ ಸೈಡ್ ಹಿಡಿದುಕೊಟ್ರೆ ಸಾಕಲ್ವಾ?"

"ಹಾಕ್ಕೊಂಡು ಕೂತ್ಕೊಳಪ್ಪ ಮೊದ್ಲು."

ಕೂತ. ಭುಜದ ಪ್ಯಾಡ್ ಎರಡೂ ಕಡೆ ಮೇಲೆದ್ದು ಕಿವಿಯ ಹತ್ತಿರ ಬಂತು. ಕಾಲರ್ ಹಿಂದೆ ಕುತ್ತಿಗೆಯಿಂದ ಎರಡು ಬೆರಳು ದೂರ ನಿಂತಿತು. ಎದೆಯ ಮೇಲೆ ಸ್ಯಾಟಿನ್ ಪಟ್ಟಿ ಟ್ಯೂಬ್‌ಲೈಟಿಗೆ ಹೊಳೆಯುತ್ತಿತ್ತು. "ನಿನ್ನ ಬಗ್ಗೆ ಹೇಳು ಅಂತ ಕೇಳ್ತಾರಲ್ಲ, ಹೇಳು ನೋಡೋಣ" ಅಂದೆ. ಎರಡು ವಾಕ್ಯ ಹೇಳುವಷ್ಟರಲ್ಲಿ ಕೈ ಮೂರು ಸಲ ಕೋಟಿನ ಮುಂಭಾಗವನ್ನು ಜಗ್ಗಿತು. ಅವನಿಗದು ಗೊತ್ತೇ ಆಗಲಿಲ್ಲ. ಕೋಟು ಬಿಚ್ಚಿಸಿ, ಅವನದೇ ಶರ್ಟಿನಲ್ಲಿ ಅದೇ ಮಾತನ್ನು ಮತ್ತೆ ಹೇಳಿಸಿದೆ. ಕೈ ಎರಡೂ ತೊಡೆಯ ಮೇಲೆ ಸುಮ್ಮನೆ ಇದ್ದವು. ಮಾತು ಕೂಡ ಸರಾಗ ಬಂತು.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸೂಟು, ಅದು ಯಾರದ್ದೋ ಆರತಕ್ಷತೆಯದ್ದು. ಅದನ್ನು ಇಂಟರ್‌ವ್ಯೂಗೆ ತೊಡಿಸುವುದು ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆ ಬಟ್ಟೆಯನ್ನು ನೇಯುವುದೇ ವಿಡಿಯೋ ಲೈಟಿಗೆ ಹೊಳೆಯಲಿ ಅಂತ. ಅಳತೆ ಬೇರೆಯವರದ್ದು. ಟೈಲರ್ ಸೈಡ್ ಹಿಡಿಯಬಹುದು, ತೋಳು ಗಿಡ್ಡ ಮಾಡಬಹುದು. ಭುಜ ಇಳಿಸಬೇಕೆಂದರೆ ತೋಳು ಬಿಚ್ಚಿ, ಒಳಗಿನ ಪ್ಯಾಡ್ ತೆಗೆದು, ಲೈನಿಂಗ್ ಕತ್ತರಿಸಿ ಹೊಸದಾಗಿ ಕೂರಿಸಬೇಕು. ಹಾಗೆ ಮಾಡಿದ ಕೋಟು ಮೊದಲಿನ ಹಾಗೆ ಬೀಳುವುದೂ ಅಪರೂಪ. ಆ ಕೂಲಿಗೆ ಎರಡು ಒಳ್ಳೆಯ ಶರ್ಟು ಹೊಲಿಸಬಹುದು.

ಕೋಟು ಬೇಕೇ ಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮೈಗೆ ಸರಿಯಾಗಿ ಕೂರುವ ಕೋಟು ಇದ್ದರೆ ಹಾಕಿ. ಇಲ್ಲದಿದ್ದರೆ ತುಂಬುತೋಳಿನ ಶರ್ಟು, ಒಳ್ಳೆಯ ಪ್ಯಾಂಟು, ಕಪ್ಪು ಲೆದರ್ ಶೂ ಧಾರಾಳವಾಗಿ ಸಾಕು. ಪತ್ರದಲ್ಲಿ ಬ್ಲೇಜರ್ ಕಡ್ಡಾಯ ಅಂತ ಬರೆದಿದ್ದರೆ ಮಾತ್ರ ಬೇರೆ ಮಾತು. ಸಾಲ ಮಾಡಿ ಸೂಟ್ ಹೊಲಿಸುವಂಥದ್ದು ಈ ಇಂಟರ್‌ವ್ಯೂನಲ್ಲಿ ಏನೂ ಇಲ್ಲ. ಆ ದುಡ್ಡು ಮುಂದೆ ಫೀಸಿಗೆ ಬೇಕಾಗುತ್ತದೆ.

ಶರ್ಟಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮೇಜಿನಾಚೆ ಕೂತವರಿಗೆ ಕಾಣುವುದೇ ಅದು. ಅದರಲ್ಲೂ ಕಾಲರ್. ಮುಖದ ಕೆಳಗೆ ಇರುವ ಚೌಕಟ್ಟು ಅದು, ಅದು ಸೊಟ್ಟಗಿದ್ದರೆ ಮುಖವೇ ಸೊಟ್ಟಗೆ ಕಾಣುತ್ತದೆ. ಬಿಳಿ ಅಥವಾ ತಿಳಿನೀಲಿ ಬಣ್ಣ ತಗೊಳ್ಳಿ, ಹೂವು, ದೊಡ್ಡ ಚೌಕಳಿ, ಕಾಲರ್ ಒಳಗೆ ಬೇರೆ ಬಣ್ಣದ ಪಟ್ಟಿ ಯಾವುದೂ ಬೇಡ. ಕುತ್ತಿಗೆ ಅಳತೆಗಿಂತ ಅರ್ಧ ಇಂಚು ಸಡಿಲ ಬಿಟ್ಟು ಕಾಲರ್ ಕತ್ತರಿಸುತ್ತೇವೆ. ಮೇಲಿನ ಗುಂಡಿ ಹಾಕಿ ಒಂದು ಬೆರಳು ಸಲೀಸಾಗಿ ಆಡಬೇಕು. ಟೈ ಕಟ್ಟದಿದ್ದರೂ ಆ ಗುಂಡಿ ಹಾಕಿ ನೋಡುವುದು ಒಳ್ಳೆಯದು, ಅದು ಕೂಡದ ಶರ್ಟಿನ ಎದೆಯೂ ಸಾಮಾನ್ಯವಾಗಿ ಬಿಗಿಯಾಗಿಯೇ ಇರುತ್ತದೆ.

ಕಾಲರ್ ಒಳಗೆ ಗಟ್ಟಿಯಾಗಿ ನಿಲ್ಲಲು ಹಾಕುವುದಕ್ಕೆ ನಾವು ಕ್ಯಾನ್ವಾಸ್ ಅನ್ನುತ್ತೇವೆ. ಈಗ ಬಹುತೇಕ ಎಲ್ಲ ಕಡೆ ಇಸ್ತ್ರಿಯ ಬಿಸಿಗೆ ಅಂಟುವ ಫ್ಯೂಸಿಂಗ್ ಬಂದಿದೆ. ಅಗ್ಗದ್ದಾದರೆ ನಾಲ್ಕು ಒಗೆತಕ್ಕೆ ಅಂಟು ಬಿಟ್ಟು ಕಾಲರ್ ಮೇಲೆ ಗುಳ್ಳೆ ಏಳುತ್ತದೆ. ಒಮ್ಮೆ ಗುಳ್ಳೆ ಎದ್ದ ಕಾಲರನ್ನು ಎಷ್ಟು ಇಸ್ತ್ರಿ ಮಾಡಿದರೂ ನೆಟ್ಟಗಾಗುವುದಿಲ್ಲ. ಅದಕ್ಕೇ ರೆಡಿಮೇಡ್ ಶರ್ಟು ತಂದರೆ ಇಂಟರ್‌ವ್ಯೂಗೆ ಮುಂಚೆ ಒಂದೆರಡು ಸಲ ಒಗೆದು ನೋಡಿ. ಕುಗ್ಗುವುದಿದ್ದರೂ ಆಗಲೇ ಗೊತ್ತಾಗುತ್ತದೆ. ಹೊಸ ಶರ್ಟಿನ ಗಂಜಿಯೂ ಹೋಗಿ ಮೈಗೆ ಮೆತ್ತಗಾಗುತ್ತದೆ.

ಬರೀ ಕಾಟನ್ನಾ, ಪಾಲಿಯೆಸ್ಟರ್ ಬೆರೆಸಿದ ಮಿಕ್ಸಾ ಅಂತ ಎಲ್ಲರೂ ಕೇಳುತ್ತಾರೆ. ಪೂರ್ತಿ ಕಾಟನ್ ಶರ್ಟು ಬೆವರು ಹೀರುತ್ತದೆ, ಮೈಗೆ ಹಿತ, ಆದರೆ ಕೂತಲ್ಲಿ ಸುಕ್ಕು ಬೀಳುತ್ತದೆ. ಮಿಕ್ಸ್ ಬಟ್ಟೆ ಸುಕ್ಕು ಬೀಳುವುದಿಲ್ಲ, ಬೆವರನ್ನು ಒಳಗೇ ಉಳಿಸುತ್ತದೆ. ಈ ಇಂಟರ್‌ವ್ಯೂಗಳಲ್ಲಿ ಹೇಳಿದ ಹೊತ್ತಿಗೆ ಕರೆಯುತ್ತಾರೆ ಅನ್ನುವ ಭರವಸೆಯಿಲ್ಲ. ಸರ್ಟಿಫಿಕೇಟ್ ಪರಿಶೀಲನೆ, ಬರೆಯುವ ಪರೀಕ್ಷೆ, ಆಮೇಲೆ ಸರದಿಗಾಗಿ ಕಾಯುವುದು. ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ಸು ನೋಡಿದವರಿಗೆ ಗೊತ್ತು. ಬಾಲಕೃಷ್ಣ ದೋಶಿ ವಿನ್ಯಾಸ ಮಾಡಿದ ಕಲ್ಲುಗೋಡೆಯ ಕಟ್ಟಡ, ಗಾಳಿ ಬೆಳಕಿಗೆ ತೆರೆದ ಉದ್ದನೆಯ ಪಡಸಾಲೆಗಳು. ಫೆಬ್ರವರಿಯಲ್ಲಿ ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಅಂಥ ದಿನಕ್ಕೆ ನಾನು ಎರಡು ಎಳೆ ನೂಲಿನ ಕಾಟನ್ ಕೊಡುತ್ತೇನೆ. ಅದರ ಸುಕ್ಕು ಅಷ್ಟು ಚೂಪಾಗಿ ಕೂರುವುದಿಲ್ಲ. ದುಡ್ಡು ಕಡಿಮೆಯಿದ್ದರೆ ಕಾಟನ್ ಅಂಶ ಹೆಚ್ಚಿರುವ ಮಿಕ್ಸ್ ತಗೊಳ್ಳಿ.

ಒಳಗೆ ಬನಿಯನ್ ಕಡ್ಡಾಯ. ಅದೂ ತೋಳಿರುವ ಬನಿಯನ್. ಕಂಕುಳ ಬೆವರು ಶರ್ಟಿಗೆ ಬರುವ ಮೊದಲು ಅದು ಹೀರಿಕೊಳ್ಳುತ್ತದೆ. ಬಿಳಿ ಶರ್ಟಿನೊಳಗೆ ಬಿಳಿ ಬನಿಯನ್ ಹಾಕಿದರೆ ಅದರ ಅಂಚು ಹೊರಗಡೆ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ್ದು ಅಥವಾ ತಿಳಿಬೂದು ಬನಿಯನ್ ಹಾಕಿದರೆ ಕಾಣುವುದಿಲ್ಲ. ಇದನ್ನು ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಅಂಗಡಿಯಲ್ಲೇ ಎರಡನ್ನೂ ಹಾಕಿಸಿ ತೋರಿಸುತ್ತೇನೆ.

ಈಗ ಕುರ್ಚಿಯ ಪರೀಕ್ಷೆ. ಕೂತಾಗ ಹೊಟ್ಟೆಯ ಹತ್ತಿರ ಎರಡು ಗುಂಡಿಗಳ ನಡುವೆ ಶರ್ಟು ಬಾಯಿ ಬಿಡುತ್ತಾ ನೋಡಿ. ಈಗಿನ ಸ್ಲಿಮ್ ಫಿಟ್ ಶರ್ಟುಗಳಲ್ಲಿ ಇದು ಮಾಮೂಲು. ನಿಂತಾಗ ಕಡ್ಡಿಯ ಹಾಗೆ ಕಾಣುವ ಹುಡುಗನಿಗೂ ಕೂತರೆ ಸೊಂಟ ಒಂದೆರಡು ಇಂಚು ಅಗಲವಾಗುತ್ತದೆ. ಇನ್ನೊಂದು, ಕೈ ಮುಂದೆ ಚಾಚಿ ಫೈಲು ಕೊಡುವ ಹಾಗೆ ಮಾಡಿ. ತೋಳು ಮಣಿಕಟ್ಟಿನಿಂದ ಎಷ್ಟು ಹಿಂದೆ ಹೋಗುತ್ತದೆ, ಇನ್‌ಶರ್ಟ್ ಮಾಡಿದ್ದು ಬೆಲ್ಟಿನಿಂದ ಎಷ್ಟು ಮೇಲೆ ಬರುತ್ತದೆ ಅಂತ ಗೊತ್ತಾಗುತ್ತದೆ. ಇನ್‌ಶರ್ಟ್ ಮಾಡುವ ಶರ್ಟಿನ ಉದ್ದ ಸೀಟು ಪೂರ್ತಿ ಮುಚ್ಚುವಷ್ಟು ಇರಬೇಕು. ಹೊರಗೆ ಬಿಟ್ಟು ಹಾಕುವ ಗಿಡ್ಡ ಶರ್ಟನ್ನೇ ಇನ್‌ಶರ್ಟ್ ಮಾಡಿಕೊಂಡು ಹೋದರೆ ಅರ್ಧ ದಿನ ಅದನ್ನು ಒಳಗೆ ತುರುಕುವುದರಲ್ಲೇ ಕಳೆಯುತ್ತದೆ.

ಪ್ಯಾಂಟಿನ ಮಾತು. ಕಡುಬೂದು ಅಥವಾ ನೇವಿ ಬ್ಲೂ. ಪಾಲಿಯೆಸ್ಟರ್, ಉಣ್ಣೆ ಬೆರೆತ ಟೆರಿವುಲ್ ಸಿಕ್ಕರೆ ಒಳ್ಳೆಯದು, ಬಟ್ಟೆ ನೆಟ್ಟಗೆ ಬೀಳುತ್ತದೆ. ಹೆಚ್ಚಿನವರಿಗೆ ಕೈಗೆಟುಕುವುದು ಪಾಲಿಯೆಸ್ಟರ್ ವಿಸ್ಕೋಸ್, ಅದರಲ್ಲೂ ದೋಷ ಏನಿಲ್ಲ, ಹೊಳಪಿಲ್ಲದ್ದು ಆರಿಸಿ. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆ ಒಂದೂಕಾಲು ಮೀಟರ್ ಇದ್ದರೆ ಸಾಮಾನ್ಯ ಮೈಕಟ್ಟಿಗೆ ಸಾಕು. ಕಣಕಾಲಿನ ಮೇಲೆ ನಿಲ್ಲುವ ಗಿಡ್ಡ ಪ್ಯಾಂಟು ಈಗಿನ ಫ್ಯಾಶನ್ನು. ನಿಂತಾಗಲೇ ಕಣಕಾಲು ಕಾಣುತ್ತಿದ್ದರೆ ಕೂತಾಗ ಇನ್ನೂ ಮೂರ್ನಾಲ್ಕು ಇಂಚು ಮೇಲೆ ಸರಿದು ಕಾಲಿನ ಕೂದಲು ಕಾಣುತ್ತದೆ. ಅಲ್ಲಿಗೆ ಅದು ಬೇಡ. ಪ್ಯಾಂಟಿನ ಅಂಚು ಶೂವಿನ ಮೇಲೆ ಬಂದು ಒಂದು ಸಣ್ಣ ಮಡಿಕೆ ಬಿದ್ದು ನಿಲ್ಲಲಿ. ಸಾಕ್ಸ್ ಮೀನಖಂಡದ ಅರ್ಧದವರೆಗಾದರೂ ಬರುವಂಥದ್ದು, ಪ್ಯಾಂಟಿನ ಬಣ್ಣದ್ದೋ ಕಪ್ಪೋ. ಆಟದ ಶೂಗೆ ಹಾಕುವ ಗಿಡ್ಡ ಸಾಕ್ಸ್ ಬೇಡ.

ಸೀಟು ಮತ್ತು ತೊಡೆಯ ಹತ್ತಿರ ಸಡಿಲ ಎಷ್ಟಿದೆ ಅನ್ನುವುದನ್ನು ನಾನು ಕೂರಿಸಿಯೇ ನೋಡುವುದು. ಕೂತಾಗ ಸೈಡ್ ಜೇಬು ಬಾಯಿ ತೆರೆದು ಕಿವಿಯ ಹಾಗೆ ನಿಂತರೆ ಸೀಟು ಬಿಗಿ ಅಂತ ಅರ್ಥ. ಒಳಗೆ ಬಟ್ಟೆ ಬಿಟ್ಟಿದ್ದರೆ ಅರ್ಧ ಇಂಚು, ಮುಕ್ಕಾಲು ಇಂಚು ಬಿಡಿಸಿಕೊಡಬಹುದು. ಒಳ್ಳೆಯ ಟೈಲರ್ ಹಿಂದಿನ ಹೊಲಿಗೆಯಲ್ಲಿ ಯಾವಾಗಲೂ ಬಟ್ಟೆ ಬಿಟ್ಟಿರುತ್ತಾನೆ. ರೆಡಿಮೇಡ್ ತಗೊಳ್ಳುವಾಗ ಪ್ಯಾಂಟನ್ನು ಒಳಮಗ್ಗುಲು ಮಾಡಿ ಅಲ್ಲಿ ಬಟ್ಟೆ ಇದೆಯಾ ಅಂತ ನೋಡಿ ತಗೊಳ್ಳಿ. ಇಸ್ತ್ರಿ ಮಾಡುವಾಗ ಮೇಲೊಂದು ಒದ್ದೆ ಬಟ್ಟೆ ಹಾಸಿ. ಇಸ್ತ್ರಿಪೆಟ್ಟಿಗೆ ನೇರವಾಗಿ ತಾಗಿದರೆ ಸೀಟು ಮತ್ತು ಮೊಣಕಾಲ ಹತ್ತಿರ ಹೊಳಪು ಹತ್ತುತ್ತದೆ, ಆಮೇಲೆ ಅದು ಹೋಗುವುದಿಲ್ಲ.

ಕೋಟು ಹೊಲಿಸುವ ಶಕ್ತಿ ಮತ್ತು ಮನಸ್ಸು ಎರಡೂ ಇದ್ದವರಿಗೆ ನನ್ನ ಸಲಹೆ ನೇವಿ ಬ್ಲೂ, ಎರಡು ಗುಂಡಿ, ಹೊಳಪಿಲ್ಲದ ಬಟ್ಟೆ. ಕೋಟಿಗೂ ಪ್ಯಾಂಟಿಗೂ ಸೇರಿ ಮೂರರಿಂದ ಮೂರೂಕಾಲು ಮೀಟರ್ ಬೇಕು. ನಮ್ಮ ಅಂಗಡಿಯಲ್ಲಿ ವಿಶ್ವೇಶ್ವರಯ್ಯನವರ ಫೋಟೋ ಇದೆ, ಸೂಟು, ಟೈ, ತಲೆಗೆ ಜರಿಯ ಮೈಸೂರು ಪೇಟ. ಅಪ್ಪ ನನಗೆ ಕೋಟಿನ ಕಟಿಂಗ್ ಹೇಳಿಕೊಡುವಾಗ ಆ ಫೋಟೋದ ಭುಜ ತೋರಿಸುತ್ತಿದ್ದ. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿ ಮುಗಿಯಬೇಕು, ಕಾಲರ್ ಕುತ್ತಿಗೆಗೆ ಅಂಟಿಕೊಂಡೇ ಇರಬೇಕು, ಕೋಟಿನ ತೋಳಿನಿಂದ ಶರ್ಟಿನ ಕಫ್ ಅರ್ಧ ಇಂಚು ಹೊರಗೆ ಕಾಣಬೇಕು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದವರು, ಊರೂರು ಸುತ್ತಿದವರು, ಯಾವ ಫೋಟೋದಲ್ಲಿ ನೋಡಿದರೂ ಬಟ್ಟೆ ಅಚ್ಚುಕಟ್ಟು. ಇಂಗ್ಲಿಷರ ಸೂಟಿನ ಮೇಲೆ ನಮ್ಮ ಪೇಟ ಇಟ್ಟಿದ್ದು ಅವರಿಗೆ ಎಷ್ಟು ಸಹಜವಾಗಿ ಒಪ್ಪುತ್ತಿತ್ತು ಅಂತ ಈಗಲೂ ನೋಡುತ್ತಿರುತ್ತೇನೆ.

ಮುಚ್ಚುಗತ್ತಿನ ಕೋಟು ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ಖಂಡಿತ ಹಾಕಬಹುದು. ಕಚ್ಚೆಪಂಚೆಯ ಮೇಲೆ ಕ್ಲೋಸ್ ಕಾಲರ್ ಕೋಟು ಹಾಕಿದ ಮೇಷ್ಟ್ರುಗಳನ್ನು ನೋಡಿ ಬೆಳೆದ ಊರುಗಳು ನಮ್ಮವು. ಟೈ ಕಟ್ಟುವ ಗೋಜು ಇಲ್ಲ ಅನ್ನುವುದೂ ಒಂದು ಅನುಕೂಲ. ಆದರೆ ಅದನ್ನು ಮಾತಾಡಿಸಿಯೇ ಅಳತೆ ನೋಡಬೇಕು. ಸುಮ್ಮನಿದ್ದಾಗ ಸರಿಯಿದ್ದ ಕಾಲರ್, ಮಾತಾಡುವಾಗ ಗಂಟಲ ಗಂಟು ಮೇಲೆ ಕೆಳಗೆ ಆಡಿದಂತೆ ಒತ್ತುತ್ತದೆ. ಹತ್ತು ನಿಮಿಷ ಮಾತಾಡಿದ ಮೇಲೂ ಕೈ ಕಾಲರಿನ ಹತ್ತಿರ ಹೋಗದಿದ್ದರೆ ಅಳತೆ ಸರಿ.

ಹೊಸ ರೆಡಿಮೇಡ್ ಕೋಟು ತಂದವರಿಗೆ ಒಂದು ಮಾತು. ಹಿಂದೆ ಸೀಳಿನ ಕೆಳಗೆ ಗುಣಿಸು ಗುರುತಿನ ಹಾಗೆ ದಾರದ ಕಚ್ಚಾ ಹೊಲಿಗೆ ಇರುತ್ತದೆ. ತೋಳಿನ ತುದಿಯಲ್ಲಿ ಕಂಪನಿಯ ಲೇಬಲ್ ಇರುತ್ತದೆ. ಎರಡನ್ನೂ ಬಿಚ್ಚಬೇಕು. ಸಾಗಿಸುವಾಗ ಮಡಿಕೆ ಕೆಡದಿರಲಿ ಅಂತ ಹಾಕಿದ ಹೊಲಿಗೆ ಅದು, ಹಾಗೇ ಬಿಟ್ಟರೆ ಕೂತಾಗ ಕೋಟು ಹಿಂದಿನಿಂದ ಜಗ್ಗುತ್ತದೆ. ಎಷ್ಟು ಜನ ಹಾಗೇ ಹಾಕಿಕೊಂಡು ಮದುವೆ ಮುಗಿಸಿ ಬಂದಿದ್ದನ್ನು ನೋಡಿದ್ದೇನೆ. ಹೊರಜೇಬಿನ ಹೊಲಿಗೆ ಮಾತ್ರ ಬಿಚ್ಚದಿದ್ದರೂ ನಡೆಯುತ್ತದೆ. ಮುಚ್ಚಿದ್ದರೆ ಮೊಬೈಲು, ಪೆನ್ನು ತುರುಕುವ ಆಸೆಯಾಗುವುದಿಲ್ಲ, ಕೋಟು ಜೋಲುವುದೂ ಇಲ್ಲ. ನಡೆದು ಒಳಗೆ ಹೋಗುವಾಗ ಮೇಲಿನ ಗುಂಡಿ ಹಾಕಿರಿ, ಕೂರುವಾಗ ಬಿಚ್ಚಿ. ಕೆಳಗಿನ ಗುಂಡಿ ಹಾಕುವ ಪದ್ಧತಿ ಇಲ್ಲ. ಟೈ ಕಟ್ಟುವುದಾದರೆ ಒಂದೇ ಬಣ್ಣದ್ದು, ತುದಿ ಬೆಲ್ಟಿನ ಬಕಲ್ ಮುಟ್ಟಿದರೆ ಸಾಕು.

ಶೂ ಬಗ್ಗೆ ಒಂದು ನಡೆದ ಸಂಗತಿ. ನಮ್ಮ ಗಿರಾಕಿಯೊಬ್ಬರ ಮಗ ಕಾಲೇಜಿನ ಸಮಾರಂಭಕ್ಕೆ ಕೊಂಡಿದ್ದ ಫಾರ್ಮಲ್ ಶೂವನ್ನು ಡಬ್ಬಿಯಲ್ಲೇ ಇಟ್ಟಿದ್ದ. ವರ್ಷಗಳ ಮೇಲೆ ಇಂಟರ್‌ವ್ಯೂ ದಿನ ಬೆಳಿಗ್ಗೆ ಹಾಕಿಕೊಂಡು ಲಾಡ್ಜಿನಿಂದ ಹೊರಟಿದ್ದಾನೆ. ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಅಟ್ಟೆ ಪುಡಿಪುಡಿಯಾಗಿ ಉದುರತೊಡಗಿದೆ. ಮೇಲಿನ ಭಾಗ ಹೊಸದರ ಹಾಗೇ ಇದೆ, ಕೆಳಗೆ ಏನೂ ಉಳಿದಿಲ್ಲ. ಪಾಲಿಯುರೆಥೇನ್ ಅಟ್ಟೆಯ ಗುಣವೇ ಹಾಗೆ. ಬಳಸದೆ ಇಟ್ಟರೆ ಗಾಳಿಯ ತೇವ ಹೀರಿ ಒಳಗೊಳಗೇ ಹುಡಿಯಾಗುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಪಾಪ, ಆ ಹುಡುಗ ಲಾಡ್ಜಿನ ಮ್ಯಾನೇಜರ್ ಹತ್ತಿರ ಶೂ ಇಸಿದುಕೊಂಡು ಹೋಗಿ ಬಂದ. ಡಬ್ಬಿಯಲ್ಲಿರುವ ಹಳೆಯ ಶೂವನ್ನು ಎರಡು ವಾರ ಮುಂಚೆ ತೆಗೆದು ಅಟ್ಟೆ ಬಗ್ಗಿಸಿ ನೋಡಿ, ಅದನ್ನೇ ಹಾಕಿಕೊಂಡು ನಾಲ್ಕು ದಿನ ಮಾರ್ಕೆಟ್ಟಿಗೆ ಹೋಗಿ ಬನ್ನಿ. ಹೊಸದಾದರೂ ಅಷ್ಟೇ, ಕಾಲಿಗೆ ಪಳಗಬೇಕು. ಲೇಸ್ ಇರುವ ಕಪ್ಪು ಲೆದರ್ ಶೂ ಒಂದು ಜೊತೆ ಇದ್ದರೆ ಮುಂದೆ ಕ್ಯಾಂಪಸ್ ಇಂಟರ್‌ವ್ಯೂವರೆಗೂ ಅದೇ ನಡೆಯುತ್ತದೆ. ಪಾಲಿಶ್ ಹಿಂದಿನ ರಾತ್ರಿಯೇ ಮಾಡಿ. ಬೆಳಿಗ್ಗೆ ಮಾಡಿದರೆ ಪ್ಯಾಂಟಿನ ಅಂಚಿಗೆ ಕಪ್ಪು ಹತ್ತುತ್ತದೆ. ಬೆಲ್ಟು ಶೂವಿನ ಬಣ್ಣದ್ದೇ ಇರಲಿ, ಬಕಲ್ ಸಣ್ಣದು.

ಇನ್ನೊಂದು ವಿಷಯ ಹುಡುಗರು ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹಣೆಯ ವಿಭೂತಿ ಅಳಿಸಿಕೊಂಡು ಹೋಗಬೇಕಾ? ಗಡ್ಡ ಬೋಳಿಸಬೇಕಾ? ನಮ್ಮ ಅಳಿಯ, ಅದೇ ಅಕ್ಕನ ಮಗನ ಕೈಯಲ್ಲಿ, ನಮ್ಮೂರ ದುಗ್ಗಮ್ಮನ ಗುಡಿಯಲ್ಲಿ ಅವನ ಅಜ್ಜಿ ಕಟ್ಟಿಸಿದ ದಾರ ಇತ್ತು.

"ಇದನ್ನ ಬಿಚ್ಚಿಬಿಡ್ಲಾ ಮಾಮ? ಯೂಟ್ಯೂಬಲ್ಲಿ ಬಿಚ್ಚು ಅಂತಾರೆ."

"ಅಜ್ಜಿ ಯಾಕೆ ಕಟ್ಟಿಸಿದ್ದು?"

"ಇಂಟರ್‌ವ್ಯೂಗೇ."

"ಮತ್ತೆ?"

ದಾರ ಹಳತಾಗಿ ಎಳೆ ಬಿಟ್ಟುಕೊಂಡಿತ್ತು. ತುದಿ ಕತ್ತರಿಸಿ, ಕಫ್ ಒಳಗೆ ಸೇರುವ ಹಾಗೆ ಗಂಟು ಸರಿಮಾಡಿ ಕೊಟ್ಟೆ. ವಿಭೂತಿ, ನಾಮ, ಕುಂಕುಮ, ಟೋಪಿ, ಪೇಟ, ಗಡ್ಡ, ದಿನಾ ಇರುವುದು ಅವತ್ತೂ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಚ್ಚುಕಟ್ಟಾಗಿ ಇರಬೇಕು ಅಷ್ಟೇ. ಗಡ್ಡಕ್ಕೆ ಅಂಚು ಹೊಡೆಸಿ, ಕಟಿಂಗ್ ಮೂರ್ನಾಲ್ಕು ದಿನ ಮುಂಚೆ ಮಾಡಿಸಿ. ದಿನಾ ವಿಭೂತಿ ಧರಿಸುವವನು ಅವತ್ತು ಬರಿಹಣೆಯಲ್ಲಿ ಹೋದರೆ ಕೈ ಮತ್ತೆ ಮತ್ತೆ ಹಣೆಗೆ ಹೋಗುತ್ತದೆ. ಅವನ ಆ ದಿನದ ಗಮನವೆಲ್ಲ ಉತ್ತರದ ಮೇಲಿರಬೇಕು.

ಸೆಂಟು ಬೇಡ. ಮುಚ್ಚಿದ ಕೋಣೆಯಲ್ಲಿ ಅದು ಎದುರಿನವರಿಗೆ ಹಿಂಸೆ.

ಊರಿನಿಂದ ಬೆಂಗಳೂರಿಗೆ ಹೋಗುವವರು ಇಂಟರ್‌ವ್ಯೂ ಬಟ್ಟೆ ಹಾಕಿಕೊಂಡೇ ರೈಲು ಹತ್ತಬೇಡಿ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ. ಕೋಟು ಮಡಿಸುವುದಕ್ಕೆ ಒಂದು ಕ್ರಮವಿದೆ. ಕೋಟಿನ ಒಂದು ಭುಜವನ್ನು ಒಳಮಗ್ಗುಲು ಮಾಡಿ. ಇನ್ನೊಂದು ಭುಜವನ್ನು ಅದರೊಳಗೆ ಕೂರಿಸಿ. ಈಗ ಲೈನಿಂಗ್ ಹೊರಗೆ, ಬಟ್ಟೆ ಒಳಗೆ ಬರುತ್ತದೆ. ನಡುವೆ ಒಂದು ಟವೆಲ್ ಸುತ್ತಿ ಇಟ್ಟು ಅರ್ಧಕ್ಕೆ ಮಡಿಸಿದರೆ ಚೂಪು ಗೆರೆ ಬೀಳುವುದಿಲ್ಲ. ಬ್ಯಾಗಿನ ಎಲ್ಲಕ್ಕಿಂತ ಮೇಲೆ ಇಡಿ. ಊರು ಮುಟ್ಟಿದ ಕೂಡಲೇ ತೆಗೆದು ಹ್ಯಾಂಗರ್‌ಗೆ ಹಾಕಿ, ಸ್ನಾನಕ್ಕೆ ಬಿಸಿನೀರು ಬಿಟ್ಟಾಗ ಬಚ್ಚಲಮನೆಯಲ್ಲಿ ಸ್ವಲ್ಪ ಹೊತ್ತು ತೂಗುಹಾಕಿ, ಆವಿಗೆ ಸಣ್ಣಪುಟ್ಟ ಸುಕ್ಕು ಬಿಡುತ್ತದೆ. ಒಂದು ಹೆಚ್ಚಿನ ಶರ್ಟು ಬ್ಯಾಗಿನಲ್ಲಿರಲಿ. ಬೆಳಗಿನ ತಿಂಡಿಯ ಸಾಂಬಾರು ಬಿಳಿ ಶರ್ಟನ್ನೇ ಹುಡುಕಿಕೊಂಡು ಬರುತ್ತದೆ. ತಿಂಡಿ ಮುಗಿಸಿ ಆಮೇಲೆ ಶರ್ಟು ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು. ನಾಲ್ಕೆಳೆ ಬಿಳಿ ದಾರ ಸುತ್ತಿದ ಸೂಜಿ, ಎರಡು ಶರ್ಟು ಗುಂಡಿ ಒಂದು ಸಣ್ಣ ಪೊಟ್ಟಣದಲ್ಲಿ ನಾನೇ ಹಾಕಿಕೊಡುತ್ತೇನೆ.

ಕೆಲವು ಕಡೆ ಆನ್‌ಲೈನ್ ಇಂಟರ್‌ವ್ಯೂ ಕೂಡ ಇರುತ್ತದೆ. ಅದಕ್ಕೆ ತಿಳಿನೀಲಿ ಶರ್ಟೇ ಮೇಲು. ಬಿಳಿ ಬಟ್ಟೆ ಕ್ಯಾಮೆರಾಗೆ ಬೆಳಕು ಚೆಲ್ಲಿದ ಹಾಗೆ ಕಂಡು ಮುಖ ಕಪ್ಪಾಗುತ್ತದೆ, ತೀರಾ ಸಣ್ಣ ಗೆರೆ, ಚೌಕಳಿ ಇದ್ದರೆ ಪರದೆಯ ಮೇಲೆ ಅಲೆ ಅಲೆಯಾಗಿ ಕುಣಿಯುತ್ತದೆ. ಪ್ಯಾಂಟು, ಬೆಲ್ಟು ಪೂರ್ತಿ ಹಾಕಿಕೊಂಡೇ ಕೂರಿ.

ಅಳಿಯನಿಗೆ ಕೊನೆಗೆ ಎರಡು ಶರ್ಟು, ಒಂದು ಕಡುಬೂದು ಪ್ಯಾಂಟು ಹೊಲಿದುಕೊಟ್ಟೆ. ಕೋಟು ಹೊಲಿಯಲಿಲ್ಲ. ಅಕ್ಕನಿಗೆ ಸಮಾಧಾನ ಇರಲಿಲ್ಲ. "ಎಲ್ರೂ ಕೋಟ್ ಹಾಕ್ಕೊಂಡು ಬಂದಿರ್ತಾರೆ, ನಮ್ ಹುಡ್ಗ ಒಬ್ನೇ ಶರ್ಟಲ್ಲಿ ಕೂತಿರ್ಬೇಕಾ?" ಅಂದಳು. ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಕಾಯುವ ಜಾಗದಲ್ಲಿ ಸುತ್ತಲೂ ಕೋಟುಗಳನ್ನು ನೋಡಿದರೆ ಶರ್ಟಿನ ಹುಡುಗನಿಗೆ ಒಂದು ಕ್ಷಣ ಎದೆ ಕುಗ್ಗುತ್ತದೆ. ಆ ಮಾತನ್ನು ಅವನಿಗೆ ಮೊದಲೇ ಹೇಳಿದ್ದೆ, ಹಾಗಾಗುತ್ತೆ, ಆದಾಗ ನಿನ್ನ ಕಾಲರ್ ನೆನಪಿಸಿಕೋ, ಅಲ್ಲಿರುವ ಯಾರ ಕಾಲರೂ ಅಷ್ಟು ನೆಟ್ಟಗಿರುವುದಿಲ್ಲ ಅಂತ. ವಾಪಸ್ ಬಂದ ದಿನ ಅಕ್ಕ ಕೇಳಿದ ಮೊದಲ ಪ್ರಶ್ನೆ ಬಟ್ಟೆಯದ್ದೇ. ಅವನು ಅವರು ಕೇಳಿದ ಪ್ರಶ್ನೆಗಳನ್ನೇ ಹೇಳುತ್ತಾ ಹೋದ. ಅವನಿಗೆ ಬೆಂಗಳೂರು ಸಿಗಲಿಲ್ಲ, ಬೇರೊಂದು ಊರಿನ ಸಂಸ್ಥೆಯಲ್ಲಿ ಈಗ ಓದುತ್ತಿದ್ದಾನೆ. ಅಲ್ಲಿನ ಕಾರ್ಯಕ್ರಮಗಳಿಗೆ ಬ್ಲೇಜರ್ ಬೇಕು ಅಂತ ಹೇಳಿದ್ದರಿಂದ ಹೋಗುವ ಮೊದಲು ಅವನದೇ ಅಳತೆಗೆ ಒಂದು ನೇವಿ ಬ್ಲೂ ಹೊಲಿದುಕೊಟ್ಟಿದ್ದೇನೆ.

ಈ ಸಲ ಬಟ್ಟೆ ಕೊಡುವವರಿಗೆ ಒಂದು ವಿನಂತಿ. ಇಂಟರ್‌ವ್ಯೂ ತಿಂಗಳು, ಮದುವೆ ಸೀಸನ್, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಎಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬೀಳುತ್ತವೆ. ದಾವಣಗೆರೆಯ ಯಾವ ಟೈಲರ್ ಹತ್ತಿರ ಹೋದರೂ ಆಗ ಕೈ ಖಾಲಿ ಇರುವುದಿಲ್ಲ. ಕಾಲ್ ಬಂದ ವಾರವೇ ಬಟ್ಟೆ ತನ್ನಿ, ಕಡೇಪಕ್ಷ ಮೂರು ವಾರ ಇಟ್ಟುಕೊಳ್ಳಿ, ನಡುವೆ ಒಂದು ಟ್ರಯಲ್‌ಗೆ ಬರಲೇಬೇಕು. ಹಳೆಯ ಬಟ್ಟೆ ಸರಿಮಾಡಿಸುವವರೂ ಸಂಕೋಚ ಮಾಡಿಕೊಳ್ಳಬೇಡಿ. ಇಂಟರ್‌ವ್ಯೂ ಪತ್ರ ತೋರಿಸಿದವರಿಗೆ ನಮ್ಮ ಅಂಗಡಿಯಲ್ಲಿ ಆಲ್ಟರೇಶನ್‌ಗೆ ಕೂಲಿ ತಗೊಳ್ಳುವುದಿಲ್ಲ, ಅದು ಅಪ್ಪನ ಕಾಲದ ಪದ್ಧತಿ. ಬರುವಾಗ ಅವತ್ತು ಹಾಕಿಕೊಳ್ಳುವ ಶೂ, ಬೆಲ್ಟು ಎರಡನ್ನೂ ತನ್ನಿ. ಪ್ಯಾಂಟಿನ ಉದ್ದವನ್ನು ಚಪ್ಪಲಿಯ ಮೇಲೆ ನಿಲ್ಲಿಸಿ ಅಳೆದರೆ ಮುಕ್ಕಾಲು ಇಂಚು ಹೆಚ್ಚುಕಡಿಮೆ ಬರುತ್ತದೆ.